ಹಾರ್ಟ್ ಆಪರೇಷನ್ ಆದ ಮಗು ಬೋರಲು ಹಾಕಿದರೆ ಕಿರುಚುತ್ತೆ, ಗೊತ್ತಿರೋರು ಹೇಳಿ

ಪ್ರಶ್ನೆ (ಮದ್ದೂರು ಕಡೆಯಿಂದ): ಮಗಳಿಗೆ ಐದು ತಿಂಗಳು. ಹುಟ್ಟಿದ ಎರಡನೇ ವಾರದಲ್ಲೇ ಟಿಜಿಎಗೆ (ಹೃದಯದಿಂದ ಹೊರಡೋ ಎರಡು ದೊಡ್ಡ ರಕ್ತನಾಳ ಅದಲುಬದಲಾಗಿರೋದು) ಸ್ವಿಚ್ ಆಪರೇಷನ್, ಅಂದರೆ ಅವನ್ನ ಸರಿಯಾದ ಜಾಗಕ್ಕೆ ಜೋಡಿಸೋ ಆಪರೇಷನ್ ಆಯ್ತು. ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿದೆ ಅಂದಿದ್ದಾರೆ. ಆದರೆ ಕತ್ತು ಪೂರ್ತಿ ನಿಂತಿಲ್ಲ, ಬೋರಲು ಹಾಕಿದರೆ ಒಂದೇ ಕಿರುಚಾಟ. ಅತ್ತೆ ವಾಕರ್ ತರೋಣ ಅಂತಾರೆ. ಏನು ಮಾಡೋದು?

ಫಿಸಿಯೋಥೆರಪಿಸ್ಟ್, ಮೈಸೂರು: ಎದೆಮೂಳೆ ಕೂಡಿಕೊಳ್ಳೋಕೆ ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಅಲ್ಲೀವರೆಗೆ ಕಂಕುಳಿಗೆ ಕೈ ಹಾಕಿ ಎತ್ತಬಾರದು, ಕೈ ಹಿಡಿದೆಳೆದು ಕೂರಿಸಬಾರದು. ನಿಮ್ಮ ಮಗೂಗೆ ಆ ಗಡುವು ಎಂದೋ ದಾಟಿದೆ. ಸರ್ಜನ್ ಹತ್ತಿರ ಒಂದು ಮಾತು ಕೇಳಿ ಬೋರಲು ಹಾಕೋದು ಶುರು ಮಾಡಿ. ಮೂಳೆ ಕೂಡಿದ ಮೇಲೂ ಮನೆಯವರ ಭಯ ಹೋಗಿರಲ್ಲ: ಮಗು ದಿನವೆಲ್ಲ ತೋಳಲ್ಲಿ, ಇಲ್ಲಾ ಸೀರೆ ಜೋಲಿಯಲ್ಲಿ. ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗಿರುತ್ತೆ, ಕತ್ತೆತ್ತೋ ಸ್ನಾಯುಗಳಿಗೆ ಕೆಲಸವೇ ಇಲ್ಲ.

ಹಾಲು ಕುಡಿದು ಮುಕ್ಕಾಲು ಗಂಟೆ ಆಗಿರಲಿ. ಮೊದಮೊದಲು ನೀವು ದಿಂಬಿಗೆ ಒರಗಿ, ಅವಳನ್ನ ನಿಮ್ಮ ಎದೆ ಮೇಲೆ ಬೋರಲು ಹಾಕಿಕೊಳ್ಳಿ. ನೀವು ನೆಟ್ಟಗೆ ಕೂತಷ್ಟೂ ಅವಳಿಗೆ ಸುಲಭ, ಮಲಗಿದಷ್ಟೂ ಕಷ್ಟ. ಆಮೇಲೆ ಚಾಪೆ. ಸುರುಳಿ ಸುತ್ತಿದ ಟವೆಲನ್ನ ಕಂಕುಳ ಕೆಳಗೆ ಎದೆಗೆ ಅಡ್ಡ ಇಟ್ಟು, ಮೊಣಕೈ ಎರಡೂ ಭುಜಕ್ಕಿಂತ ತುಸು ಮುಂದೆ ತನ್ನಿ. ಮೊಣಕೈ ಹಿಂದಕ್ಕೆ ಸರಿದರೆ ಮುಖ ನೆಲಕ್ಕೆ ಕುಸಿಯುತ್ತೆ. ಎಷ್ಟೋ ಸಲ ಅಳು ಅದಕ್ಕೇ, ಗಾಯ ನೋಯ್ತಿದೆ ಅಂದುಕೊಂಡು ಎತ್ತಿಬಿಡ್ತಾರೆ. ಒಂದೆರಡು ನಿಮಿಷ, ದಿನಕ್ಕೆ ಐದಾರು ಸಲ ಸಾಕು. ನಿಧಾನಕ್ಕೆ ದಿನಕ್ಕೆ ಒಟ್ಟು 30 ನಿಮಿಷಕ್ಕೆ ಏರಿಸಿ. ಮೂಗಿನ ಹೊಳ್ಳೆ ಅರಳಿದರೆ, ಪಕ್ಕೆ ಒಳಸೆಳೆದರೆ, ಹಣೆ ಬೆವರಿದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ತುಟಿ ನೀಲಿಯಾದರೆ ನೇರ ಆಸ್ಪತ್ರೆಗೆ. ನಿದ್ದೆ ಮಾತ್ರ ಯಾವಾಗಲೂ ಅಂಗಾತ.

ವಾಕರ್ ಬೇಡವೇ ಬೇಡ. ಕಾಲ್ಬೆರಳ ತುದಿಯಲ್ಲಿ ತಳ್ಳೋದು ಕಲಿಯುತ್ತೆ, ಹೊಟ್ಟೆ-ಬೆನ್ನಿಗೆ ಬಲ ಬರಲ್ಲ.

ಮಕ್ಕಳ ಡಾಕ್ಟರ್, ಮಂಡ್ಯ: ಮೇಲಿನವರು ಹೇಳಿದ್ದು ಸರಿ, ಆದರೆ ತಪ್ಪೆಲ್ಲ ಜೋಲಿ ಮೇಲೆ ಹಾಕೋಕಾಗಲ್ಲ. ಟಿಜಿಎ ಇದ್ದರೆ ಗರ್ಭದಲ್ಲೇ ಮಿದುಳಿಗೆ ಹೋಗೋ ರಕ್ತದಲ್ಲಿ ಆಕ್ಸಿಜನ್ ಕಡಿಮೆ. ಒಂಬತ್ತು ತಿಂಗಳು ತುಂಬಿ ಹುಟ್ಟಿದರೂ ಮಿದುಳು ಸುಮಾರು ಒಂದು ತಿಂಗಳು ಹಿಂದೆ ಇರಬಹುದು. ಎಕೋ ಹೇಳೋದು ಹೃದಯದ ವಿಷಯ ಅಷ್ಟೇ. ಡಬ್ಲ್ಯುಎಚ್‌ಒ ಲೆಕ್ಕದಲ್ಲಿ ಆಸರೆ ಇಲ್ಲದೆ ಕೂರೋಕೆ 9.2 ತಿಂಗಳು, ನಡೆಯೋಕೆ 17.6 ತಿಂಗಳವರೆಗೂ ಸಮಯ ಇದೆ. ಕತ್ತು ಹಾಗಲ್ಲ, ಐದು ತಿಂಗಳಿಗೆ ನಿಂತಿಲ್ಲ ಅಂದರೆ ತಡವೇ. ‘ಹಾರ್ಟ್ ಮಗು, ನಿಧಾನ ಆಗುತ್ತೆ’ ಅಂತ ಕಾಯಬೇಡಿ. ಎಡ-ಬಲ ಹೋಲಿಸಿ ನೋಡಿ: ಒಂದು ಮುಷ್ಟಿ ಸದಾ ಬಿಗಿ, ಗಿಲಕಿ ಯಾವ ಕಡೆ ಹಿಡಿದರೂ ಒಂದೇ ಕೈ ಚಾಚೋದು. ‘ಎಡಚಿ ಇರಬೇಕು’ ಅಂತ ನಗಾಡಿ ಬಿಡೋ ವಿಷಯ ಅಲ್ಲ ಇದು. ವರ್ಷ ತುಂಬೋ ಮುಂಚೆ ಹಾಗಾದರೆ ಇನ್ನೊಂದು ಕೈ ದುರ್ಬಲ ಇರಬಹುದು, ಬೇಗ ತೋರಿಸಿ.

ಸ್ಟಾಫ್ ನರ್ಸ್, ಮೈಸೂರು: ನೀರು ಹಾಕೋ ಅಜ್ಜಿಗೆ ಹೇಳಿಬಿಡಿ: ಕೈಕಾಲು ಅಡ್ಡಡ್ಡ ಎಳೆಯೋದು, ತಲೆಕೆಳಗು ಹಿಡಿಯೋದು ಬೇಡ. ಕಾಲ ಮೇಲೆ ಬೋರಲು ಹಾಕಿ ಬೆನ್ನಿಗೆ ಎಣ್ಣೆ ನೀವೋದು ಮಾತ್ರ ಬಿಡಬೇಡಿ, ಅದೂ ಬೋರಲಿನ ಲೆಕ್ಕಕ್ಕೇ ಸೇರುತ್ತೆ. ಒಂದು ಸಲದ ಹಾಲು ಅರ್ಧ ಗಂಟೆ ದಾಟಿದರೆ ಮಗು ಸುಸ್ತಾಗಿ ತೂಕ ಏರಲ್ಲ. ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕೊಡಿ. ತೂಕ ನಿಂತಿದ್ದರೆ ಕಸರತ್ತಿಗಿಂತ ಮೊದಲು ಅದನ್ನ ಸರಿಮಾಡಿಸಿ.

ಆಡಿಯಾಲಜಿಸ್ಟ್, ಮೈಸೂರು: ಕಿವಿ ಮರೀಬೇಡಿ. ಐಸಿಯುನಲ್ಲಿ ಲ್ಯಾಸಿಕ್ಸ್ (ಮೂತ್ರ ಹೆಚ್ಚು ಹೋಗಿಸೋ ಔಷಧಿ), ಅಮಿಕಾಸಿನ್ (ಆಂಟಿಬಯೋಟಿಕ್) ಥರದ್ದು ಕೊಟ್ಟಿದ್ದರೆ ಕೇಳಿಸೋದಕ್ಕೆ ತೊಂದರೆ ಆಗಬಹುದು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡ್ತಾರೆ. ಮಗು ನಿದ್ದೆಯಲ್ಲಿದ್ದರೆ ಬೆರಾ (ಶಬ್ದಕ್ಕೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತೆ ಅಂತ ನೋಡೋ ಪರೀಕ್ಷೆ) ಸಲೀಸು, ಹಾಗಾಗಿ ದಾರಿಯಲ್ಲಿ ಮಲಗಿಸಬೇಡಿ, ಅಲ್ಲಿ ಹೋಗಿ ಹಾಲು ಕೊಟ್ಟು ಮಲಗಿಸಿ. ಥೆರಪಿಗೆ ಆಶಾ ಮೂಲಕ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ) ತಂಡವನ್ನ ಹಿಡಿಯಿರಿ, ಡಿಇಐಸಿಗೆ (ಬೆಳವಣಿಗೆ ತಡವಾದ ಮಕ್ಕಳಿಗೆ ಥೆರಪಿ ಕೊಡೋ ಜಿಲ್ಲಾ ಕೇಂದ್ರ) ಬರೆದುಕೊಡ್ತಾರೆ. ಡಿಸ್ಚಾರ್ಜ್ ಸಮ್ಮರಿ, ಎಕೋ ರಿಪೋರ್ಟ್, ತಾಯಿ ಕಾರ್ಡ್ ಮೂರರದ್ದೂ ಜೆರಾಕ್ಸ್ ಇರಲಿ.