ಸಹಾಯ ಬೇಕು: ಮನೆಯಲ್ಲೇ ಮರದ ದೋಣಿ ಕಟ್ಟಬೇಕು

ಎಲ್ಲರಿಗೂ ನಮಸ್ಕಾರ. ಊರು ಸಕಲೇಶಪುರದ ಹತ್ತಿರ. ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಇಬ್ಬರು ಕೂರುವಂಥ 12 ಅಡಿಯ ದೋಣಿ ಕಟ್ಟುವ ಆಸೆ. ಪ್ಲೈವುಡ್ ಹಾಳೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ ಅಂಟು ಮತ್ತು ಫೈಬರ್‌ಗ್ಲಾಸ್ ಪಟ್ಟಿ ಹಾಕುವ ವಿಧಾನ.

6 ಎಂಎಂ ಮರೈನ್ ಪ್ಲೈ, ಐಎಸ್ 710 (ಮರೈನ್ ಪ್ಲೈಗೆ ಇರುವ ಭಾರತೀಯ ಮಾನಕ) ಗುರುತು ಇರುವುದೇ ಬೇಕು. ಇಲ್ಲಿ ಕೇಳಿದರೆ 'ವಾಟರ್‌ಪ್ರೂಫ್ ಸಾರ್, ಸಾಕು ಬಿಡಿ' ಅಂತ ಅಡುಗೆಮನೆ ಕಪಾಟಿನ ಪ್ಲೈ ತೋರಿಸುತ್ತಾರೆ! ಹಾಸನದಲ್ಲಿ ಸಿಗುತ್ತಾ, ಮಂಗಳೂರಿಗೇ ಹೋಗಬೇಕಾ?

ಹಾಳೆ ಬರುವುದು 8 ಅಡಿ. ಉದ್ದಕ್ಕೆ ಜೋಡಿಸುವಾಗ ಅಂಚನ್ನು ಇಳಿಜಾರಾಗಿ ಕೆತ್ತಿ ಅಂಟಿಸುವುದೋ, ಒಳಗಡೆ ಪಟ್ಟಿ ಕೊಡುವುದೋ? ದೋಣಿಯ ಮೇಲಂಚಿನ ಪಟ್ಟಿಗೆ ತೋಟದ ಸಿಲ್ವರ್ ಓಕ್ ಇದೆ, ನನಗೆ ನಂಬಿಕೆ ಇಲ್ಲ. ಹೆಬ್ಬಲಸಿನ ಮರ ಕೊಯ್ದಿಟ್ಟವರು ಇದ್ದರೆ ತಿಳಿಸಿ.

ಮಲೆನಾಡಿನ ಮಳೆಯ ತೇವದಲ್ಲಿ ಎಪಾಕ್ಸಿ ಕೈಕೊಡುತ್ತದೆ, ಅಲ್ವಾ? ಜೂನ್‌ಗೆ ಮುಂಚೆ ಮುಗಿಸಬೇಕು. ಆಮೇಲೆ ಹೇಮಾವತಿ ಹಿನ್ನೀರಿಗೆ ಇಳಿಸಲು ಯಾರ ಅನುಮತಿ ಕೇಳಬೇಕು?