ಮಡ್ಡಿ ವಾಟರ್ಸ್ 1958ರ ಸಂಕಲನ: ಸ್ಟೀರಿಯೊ ಪ್ರತಿ ಯಾಕೆ ಇಷ್ಟು ಪೊಳ್ಳಾಗಿ ಕೇಳುತ್ತೆ?

ಸೂಜಿಮೊನೆ:
ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಹಾಡಿರುವ, ಚೆಸ್ ಕಂಪನಿಯ 'ದಿ ಬೆಸ್ಟ್ ಆಫ್ ಮಡ್ಡಿ ವಾಟರ್ಸ್' ನನ್ನ ಹತ್ತಿರ ಎರಡು ರೂಪದಲ್ಲಿದೆ. ಒಂದು ಮೋನೊ (ಎರಡೂ ಸ್ಪೀಕರಿಗೆ ಒಂದೇ ದನಿ) ಮರುಮುದ್ರಣದ ಎಲ್‌ಪಿ, ಇನ್ನೊಂದು 'ಸ್ಟೀರಿಯೊ' ಅಂತ ಹೆಸರು ಹೊತ್ತ ಫೈಲುಗಳು. ಫೈಲಿನಲ್ಲಿ ಎಡಗಡೆ ಗುಂಯ್ ಅನ್ನೋ ಬಾಸ್, ಬಲಗಡೆ ಬರೀ ಚುರುಕು ದನಿ. ಮೋನೊ ಮಾಡಿದರೆ ಸರಿಹೋಗುವ ಬದಲು ಪೈಪಿನೊಳಗೆ ಹಾಡಿದ ಹಾಗೆ ಆಗುತ್ತೆ. ಫೈಲನ್ನು ರಿಪೇರಿ ಮಾಡಬಹುದಾ, ಅಥವಾ ಎಲ್‌ಪಿಯಿಂದಲೇ ಹೊಸದಾಗಿ ಇಳಿಸಿಕೊಳ್ಳಬೇಕಾ? ಮತ್ತೆ, ಒಂದು ಹಾಡಿನಲ್ಲಿ ಪೂರ್ತಿ ಬ್ಯಾಂಡ್, ಮುಂದಿನದರಲ್ಲಿ ಒಂಟಿ ಗಿಟಾರ್, ಯಾಕೆ ಹೀಗೆ?

ಹಳೆತಟ್ಟೆ:
ಈ ಹನ್ನೆರಡೂ ಹಾಡು ಮೋನೊದಲ್ಲೇ ಧ್ವನಿಮುದ್ರಣ ಆದವು. ಇವಕ್ಕೆ ನಿಜವಾದ ಸ್ಟೀರಿಯೊ ಅನ್ನೋದೇ ಇಲ್ಲ. 1960ರ ದಶಕದಲ್ಲಿ ಸ್ಟೀರಿಯೊ ಬೇಡಿಕೆ ಏರಿದಾಗ ಕಂಪನಿಗಳು ಹಳೇ ಮೋನೊ ಟೇಪನ್ನು ಎರಡು ಚಾನೆಲ್‌ಗೆ ಹಂಚಿ, ಒಂದಕ್ಕೆ ಬಾಸ್, ಇನ್ನೊಂದಕ್ಕೆ ಟ್ರೆಬಲ್ ಏರಿಸಿ, ಕೆಲವೊಮ್ಮೆ ಒಂದು ಚಾನೆಲನ್ನು ಸ್ವಲ್ಪ ತಡಮಾಡಿ ಮಾರುತ್ತಿದ್ದವು. ನಿಮ್ಮ ಫೈಲು ಅದೇ ಜಾತಿಯದು.

ಮೋನೊ ಮಾಡಿದಾಗ ಕೆಡುವುದಕ್ಕೆ ಆ ತಡವೇ ಕಾರಣ. ಒಂದು ಮಿಲಿಸೆಕೆಂಡ್ ತಡ ಇದ್ದರೆ, ಎರಡೂ ಚಾನೆಲ್ ಕೂಡಿಸಿದಾಗ 500, 1500, 2500 ಹರ್ಟ್ಸ್ ಹೀಗೆ ಸಾಲಾಗಿ ದನಿ ಕತ್ತರಿಸಿ ಹೋಗುತ್ತೆ. ಮಡ್ಡಿಯ ಕಂಠದ ತಿರುಳೇ ಆ ಜಾಗದಲ್ಲಿರೋದು. ಆದ್ದರಿಂದ ಕೂಡಿಸಬೇಡಿ. ಎರಡರಲ್ಲಿ ಪೂರ್ಣವಾಗಿ ಕೇಳಿಸುವ ಒಂದು ಚಾನೆಲ್ ಇಟ್ಟುಕೊಂಡು ಇನ್ನೊಂದನ್ನು ಬಿಸಾಡಿ, ಆಮೇಲೆ ಟೋನ್ ತಿದ್ದಿ. ಅದೂ ಅರೆಬರೆ ರಿಪೇರಿಯೇ. ಕೈಯಲ್ಲಿ ಮೋನೊ ಎಲ್‌ಪಿ ಇರುವಾಗ ಆ ಫೈಲಿಗೆ ಮೈಮುರಿಯುವ ಅಗತ್ಯ ಇಲ್ಲ.

ಬೇರೆ ಪ್ರತಿ ಸಿಕ್ಕರೆ ಹೀಗೆ ಪರೀಕ್ಷಿಸಿ: ಆಡಾಸಿಟಿ ಅನ್ನೋ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಎರಡು ಚಾನೆಲ್ ಬಿಡಿಸಿ, ಒಂದನ್ನು ಇನ್ವರ್ಟ್ (ಅಲೆ ತಲೆಕೆಳಗು) ಮಾಡಿ, ಎರಡನ್ನೂ ಮಿಕ್ಸ್ ಮಾಡಿ. ಪೂರ್ತಿ ಮೌನ ಬಂದರೆ ಅಪ್ಪಟ ಮೋನೊ. ಅದೇ ಹಾಡು ಮೆಲ್ಲಗೆ, ಬಣ್ಣ ಬದಲಾಗದೆ ಉಳಿದರೆ ಲೆವೆಲ್ ವ್ಯತ್ಯಾಸ ಅಷ್ಟೇ, ಗೇನ್ (ದನಿಯ ಮಟ್ಟ) ಸರಿಮಾಡಿದರೆ ಹೋಗುತ್ತೆ. ತೆಳ್ಳಗಿನ, ಸೀಟಿಯಂಥ ಹಾಡು ಉಳಿದರೆ ಹುಸಿ ಸ್ಟೀರಿಯೊ. 1969ರಲ್ಲಿ ಇದೇ ಸಂಕಲನ 'ಸೈಲ್ ಆನ್' ಅನ್ನೋ ಹೆಸರಲ್ಲೂ ಬಂದಿದೆ. ಹೆಸರು ನೋಡಿ ಬೇರೆ ಆಲ್ಬಮ್ ಅಂತ ದುಡ್ಡು ಕೊಡಬೇಡಿ.

ಬಿಸಿವಾಲ್ವು:
ಎಲ್‌ಪಿಯಿಂದ ಇಳಿಸುವಾಗ ಸ್ಟೀರಿಯೊದಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಕೂಡಿಸಿ. ಮೋನೊ ತಟ್ಟೆಯ ಗೆರೆಯಲ್ಲಿ ಸಂಗೀತ ಇರೋದು ಸೂಜಿಯ ಅಡ್ಡ ಚಲನೆಯಲ್ಲಿ ಮಾತ್ರ. ಮೇಲೆ ಕೆಳಗೆ ಕುಣಿಯೋದೆಲ್ಲ ಧೂಳು, ಸವೆತ, ಮೋಟರಿನ ಗುಡುಗುಡು. ಎರಡು ಚಾನೆಲ್ ಕೂಡಿಸಿದರೆ ಅದು ತಾನಾಗಿ ಕಳೆದುಹೋಗುತ್ತೆ. ಕೂಡಿಸುವ ಮೊದಲು ಹಳೆತಟ್ಟೆಯವರು ಹೇಳಿದ ಇನ್ವರ್ಟ್ ಪರೀಕ್ಷೆ ಮಾಡಿ, ಒಂದು ಚಾನೆಲಿನ ಗೇನನ್ನು ಚೂರುಚೂರೇ ಬದಲಿಸಿ, ಹಾಡು ಅತಿ ಕಡಿಮೆ ಕೇಳಿಸುವ ಜಾಗದಲ್ಲಿ ನಿಲ್ಲಿಸಿ. ಆ ಗೇನಿನಲ್ಲೇ ಕೂಡಿಸಿ. ಎಷ್ಟು ತಿದ್ದಿದರೂ ಟ್ರೆಬಲ್ ಉಳಿಯುತ್ತಿದ್ದರೆ ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ಓರೆಯಾಗಿ ಕೂತಿದೆ, ಮೊದಲು ಅದನ್ನು ನೇರ ಮಾಡಿ.

ಮಾಮೂಲಿ ಎಲ್‌ಪಿ ಸೂಜಿ ಸಾಕು. ನಿಮಿಷಕ್ಕೆ 78 ಸುತ್ತಿನ ಹಳೇ ತಟ್ಟೆಗಳ 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ದಪ್ಪ ಸೂಜಿ ಹಾಕಿದರೆ ಈ ಸಣ್ಣ ಗೆರೆಯಲ್ಲಿ ಅದು ಕೂರಲ್ಲ, ಅಂಚನ್ನು ಕೆರೆಯುತ್ತೆ. ಸುಯ್ ಸದ್ದು ತೆಗೆಯುವ ಫಿಲ್ಟರ್ ಜಾಸ್ತಿ ಹಾಕಬೇಡಿ. 'ರೋಲಿನ್ ಸ್ಟೋನ್' ಮೇಲೆ ಹಾಕಿ ನೋಡಿ: ಒಂದೇ ಗಿಟಾರ್, ಸಾಲು ಸಾಲಿನ ನಡುವೆ ಖಾಲಿ ಜಾಗ. ಫಿಲ್ಟರ್ ಅತಿಯಾದರೆ ಆ ಖಾಲಿಯಲ್ಲಿ ಕೋಣೆಯ ಗಾಳಿಯೇ ಸತ್ತುಹೋಗಿ, ತಂತಿ ಮೀಟಿದಾಗ ಮತ್ತೆ ಉಸಿರು ಬಂದಂತೆ ಏರಿಳಿಯುತ್ತೆ. ಈ ಹಾಡಿನಲ್ಲಿ ಪಾಸಾದ ಸೆಟ್ಟಿಂಗ್ ಉಳಿದ ಹನ್ನೊಂದಕ್ಕೂ ನಡೆಯುತ್ತೆ.

ಕೆಳದನಿ:
ಎರಡನೇ ಪ್ರಶ್ನೆಗೆ: ಇದು ಒಟ್ಟಿಗೆ ಕೂತು ಮಾಡಿದ ಆಲ್ಬಮ್ ಅಲ್ಲ, 1948ರಿಂದ 1954ರವರೆಗೆ ಬಿಡಿಬಿಡಿಯಾಗಿ ಹೊರಬಂದ ಹಾಡುಗಳನ್ನು 1958ರಲ್ಲಿ ಗುಡ್ಡೆ ಹಾಕಿದ್ದು. ಕ್ರಮವೂ ಕಲಸುಮೇಲೋಗರ. ಎಲ್ಲಕ್ಕಿಂತ ಹಳೆಯದು ಎರಡನೇ ಬದಿಯ ಕೊನೆಯಲ್ಲಿದೆ. ಪ್ಲೇಲಿಸ್ಟ್ ಮಾಡಿ ಕಾಲಕ್ರಮದಲ್ಲಿ ಕೇಳಿ, ಒಂದು ಬ್ಯಾಂಡು ಕಣ್ಣೆದುರೇ ಕಟ್ಟಿಕೊಳ್ಳುತ್ತೆ.

'ಐ ಕಾಂಟ್ ಬಿ ಸ್ಯಾಟಿಸ್ಫೈಡ್' (1948) ಬರೀ ಮಡ್ಡಿಯ ಸ್ಲೈಡ್ ಗಿಟಾರ್, ಜೊತೆಗೆ ಬಿಗ್ ಕ್ರಾಫರ್ಡ್‌ನ ನೆಟ್ಟಗೆ ನಿಲ್ಲಿಸಿ ನುಡಿಸುವ ದೊಡ್ಡ ಬಾಸ್. ಮಿಸಿಸಿಪಿ ಹಳ್ಳಿಯ ಕೈಚಳಕವೇ, ಕರೆಂಟ್ ಮಾತ್ರ ಹೊಸದು. ಆಗ ಕಂಪನಿಯ ಹೆಸರು ಅರಿಸ್ಟೊಕ್ರಾಟ್. 1950ರಲ್ಲಿ ಚೆಸ್ ಆಯಿತು. ಆ ವರ್ಷದ್ದು 'ರೋಲಿನ್ ಸ್ಟೋನ್', ಆಮೇಲೆ 'ಲೂಯಿಸಿಯಾನಾ ಬ್ಲೂಸ್'. ಇಲ್ಲಿ ಲಿಟ್ಲ್ ವಾಲ್ಟರ್‌ನ ಮೌತ್ ಆರ್ಗನ್ ಬಂತು, ತಾಳಕ್ಕೆ ಡ್ರಮ್ ಅಲ್ಲ, ಬಟ್ಟೆ ಒಗೆಯುವ ತಗಡಿನ ವಾಶ್‌ಬೋರ್ಡ್. 1951ಕ್ಕೆ 'ಲಾಂಗ್ ಡಿಸ್ಟನ್ಸ್ ಕಾಲ್', 'ಹನಿ ಬೀ', 'ಷಿ ಮೂವ್ಸ್ ಮಿ', 'ಸ್ಟಿಲ್ ಎ ಫೂಲ್'. 'ಹನಿ ಬೀ'ಯಲ್ಲಿ ಎರಡನೇ ಗಿಟಾರ್ ನುಡಿಸಿದ್ದು ವಾಲ್ಟರ್. 'ಷಿ ಮೂವ್ಸ್ ಮಿ'ಯಲ್ಲಿ ಬಾಸ್ ಡ್ರಮ್ ಹೊಡೆದದ್ದು ಕಂಪನಿ ಒಡೆಯ ಲಿಯೊನಾರ್ಡ್ ಚೆಸ್. ನಾಜೂಕಿಲ್ಲದ ಧಡ್ ಧಡ್, ಆದರೂ ಹಾಡಿಗೆ ಒಪ್ಪಿದೆ. 1952ಕ್ಕೆ 'ಸ್ಟ್ಯಾಂಡಿಂಗ್ ಅರೌಂಡ್ ಕ್ರೈಯಿಂಗ್', 1953ಕ್ಕೆ 'ಐ ವಾಂಟ್ ಯು ಟು ಲವ್ ಮಿ', ಉಳಿದ ಮೂರೂ 1954.

ಜನವರಿ 1954ರ 'ಹೂಚಿ ಕೂಚಿ ಮ್ಯಾನ್' ಹೊತ್ತಿಗೆ ಜಿಮ್ಮಿ ರಾಜರ್ಸ್ ಗಿಟಾರ್, ಓಟಿಸ್ ಸ್ಪ್ಯಾನ್ ಪಿಯಾನೊ, ಹಾಡು ಬರೆದ ವಿಲ್ಲಿ ಡಿಕ್ಸನ್ ಬಾಸ್. ಸಾಮಾನ್ಯ ಬ್ಲೂಸಿನ 12 ಬಾರ್ (ತಾಳದ ತುಂಡು) ಇಲ್ಲಿ 16 ಆಗಿದೆ, ಮೊದಲ ನಾಲ್ಕನ್ನು ಎಂಟಕ್ಕೆ ಹಿಗ್ಗಿಸಿದ್ದಾರೆ. ಆ ಎಂಟರಲ್ಲಿ ಇಡೀ ಬ್ಯಾಂಡು ಒಟ್ಟಿಗೆ ಹೊಡೆದು ನಿಲ್ಲುತ್ತೆ, ನಿಂತ ಜಾಗದಲ್ಲಿ ಮಡ್ಡಿ ಹಾಡುತ್ತಾನೆ.

ಸೂಜಿಮೊನೆ:
ಪ್ಲೇಲಿಸ್ಟ್ ಮಾಡಿದೆ, ಥ್ಯಾಂಕ್ಸ್. ಇನ್ನೊಂದು: ಜೊತೆಗೆ ನುಡಿಸೋಣ ಅಂದರೆ ಕೆಲವಕ್ಕೆ ಶ್ರುತಿ ಸೇರಲ್ಲ. 'ಹೂಚಿ ಕೂಚಿ'ಗೆ ಯಾವ ಕೀ ಮೌತ್ ಆರ್ಗನ್?

ಬಿಸಿವಾಲ್ವು:
ಆ ಕಾಲದ ಯಂತ್ರಗಳ ವೇಗ ಒಂದೇ ಸಮ ಇರುತ್ತಿರಲಿಲ್ಲ, ಅಂದಿನ ಬ್ಯಾಂಡೂ ಇಂದಿನ ಮಾಮೂಲಿ ಮಟ್ಟವಾದ 440 ಹರ್ಟ್ಸ್‌ಗೇ (ಎ ಸ್ವರ) ಶ್ರುತಿ ಮಾಡಿರಬೇಕು ಅಂತಿಲ್ಲ. ಗಿಟಾರನ್ನು ಹಾಡಿಗೆ ತಿರುಗಿಸಬಹುದು, ಮೌತ್ ಆರ್ಗನನ್ನು ಆಗಲ್ಲ. ಹಾಗಾಗಿ ಫೈಲಿನ ವೇಗ ಬದಲಿಸಿ. 20 ಸೆಂಟ್‌ಗೆ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಸುಮಾರು 1.2%, ಪೂರ್ತಿ ಅರ್ಧ ಸ್ವರಕ್ಕೆ 5.95%. ಆಡಾಸಿಟಿಯ 'ಚೇಂಜ್ ಸ್ಪೀಡ್' (ಹೊಸ ಆವೃತ್ತಿಯಲ್ಲಿ 'ಚೇಂಜ್ ಸ್ಪೀಡ್ ಅಂಡ್ ಪಿಚ್') ಬಳಸಿ, 'ಚೇಂಜ್ ಪಿಚ್' ಬಳಸಿದರೆ ದನಿ ನಡುಗುತ್ತೆ.

'ಹೂಚಿ ಕೂಚಿ' ಎ ಕೀಯಲ್ಲಿದೆ, ಹತ್ತು ರಂಧ್ರದ ಡಿ ಮೌತ್ ಆರ್ಗನ್ ತಗೊಳ್ಳಿ. ಎರಡನೇ ರಂಧ್ರ ಒಳಗೆಳೆದರೆ ಎ ಸಿಗುತ್ತೆ, ಅದೇ ನಿಮ್ಮ ಷಡ್ಜ. ವಾಲ್ಟರ್‌ನ ಆಮೇಲಿನ ದಪ್ಪ ದನಿ ಬೇಕಿದ್ದರೆ ಮೈಕನ್ನೂ ವಾದ್ಯವನ್ನೂ ಒಂದೇ ಬೊಗಸೆಯಲ್ಲಿ ಗಾಳಿ ಸೋರದಂತೆ ಮುಚ್ಚಿ, ವಾಲ್ವ್ ಗಿಟಾರ್ ಆಂಪ್‌ಗೆ ಹಾಕಿ. ಹಳೇ ಕ್ರಿಸ್ಟಲ್ ಮೈಕನ್ನು ನೇರ ಮಿಕ್ಸರಿಗೆ ಹಾಕಬೇಡಿ: ಮಿಕ್ಸರಿನ ಇಂಪಿಡನ್ಸ್ (ವಿದ್ಯುತ್ ತಡೆ) ಕಡಿಮೆ, ಬಾಸ್ ಪೂರ್ತಿ ಹೋಗಿ ಸೊಳ್ಳೆ ದನಿ ಬರುತ್ತೆ. ಅದರೊಳಗಿನ ರೋಶೆಲ್ ಉಪ್ಪಿನ ಹರಳಿಗೆ ತೇವವೂ ಆಗಲ್ಲ, 55 ಡಿಗ್ರಿ ದಾಟಿದ ಸೆಕೆಯೂ ಆಗಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಮುಗೀತು. ಮಂಗಳೂರು, ಉಡುಪಿ ಕಡೆಯವರಾದರೆ ಡೈನಾಮಿಕ್ ಬುಲೆಟ್ ಮೈಕೇ ವಾಸಿ.