ಸಹಾಯ ಬೇಕು: 1990ರ ಷೆವರ್ಲೆ ಪಿಕಪ್‌ಗೆ ಯಾವ ಕ್ಯಾಮ್‌ಶಾಫ್ಟ್?

ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಬಳಿ 1990ರ ಷೆವರ್ಲೆ ಸಿ1500 ಪಿಕಪ್ ಇದೆ, 5.7 ಲೀಟರಿನ ವಿ8, ಥ್ರಾಟಲ್ ಬಾಡಿ ಇಂಜೆಕ್ಷನ್ (ಗಾಳಿ ಒಳಬರುವ ಬಾಯಲ್ಲೇ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ). ಎಂಜಿನ್ ಬಿಚ್ಚಿ ನೋಡಿದರೆ ವಾಲ್ವ್‌ಗಳನ್ನು ತೆರೆಯುವ ದಂಡವಾದ ಹಳೆಯ ಕ್ಯಾಮ್‌ನ ಎರಡು ಉಬ್ಬುಗಳ ತುದಿ ಬೆರಳಿಗೆ ಚಪ್ಪಟೆಯಾಗಿ ತಗಲಿತು. ಇಷ್ಟು ವರ್ಷ ದುಡಿದ ಗಾಡಿಗೆ ಅದು ಸಹಜವೇ. ಹೇಗೂ ಹೊಸದು ಹಾಕಬೇಕು, ಸ್ವಲ್ಪ ಬಲವಾದದ್ದನ್ನೇ ಹಾಕೋಣವೆಂಬ ಆಸೆ.

ತೊಡಕು ಇರುವುದು ಕಂಪ್ಯೂಟರಿನಲ್ಲಿ. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇದರಲ್ಲಿಲ್ಲ. ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ) ಒತ್ತಡ ನೋಡಿ ಪೆಟ್ರೋಲಿನ ಲೆಕ್ಕ ಹಾಕುತ್ತದೆ. ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಎರಡೂ ವಾಲ್ವ್‌ಗಳನ್ನು ಹೆಚ್ಚು ಹೊತ್ತು ಒಟ್ಟಿಗೆ ತೆರೆದಿಡುವ ಕ್ಯಾಮ್ ಹಾಕಿದರೆ ಐಡಲ್‌ನಲ್ಲಿ ವ್ಯಾಕ್ಯೂಮ್ ಇಳಿಯುತ್ತದೆ. ಆಗ ಎಂಜಿನ್‌ಗೆ ಭಾರ ಬಿದ್ದಿದೆಯೆಂದು ತಿಳಿದು ಕಂಪ್ಯೂಟರ್ ಬೇಡದ ಪೆಟ್ರೋಲ್ ಸುರಿಯುತ್ತದೆ. ಅದಕ್ಕೇ ಲಿಫ್ಟರ್ (ಕ್ಯಾಮ್ ಉಬ್ಬಿನ ಮೇಲೆ ಕೂರುವ ಭಾಗ) 0.050 ಇಂಚು ಎದ್ದಾಗಿನಿಂದ ಅಳೆದ ಸುಮಾರು 205 ಡಿಗ್ರಿ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ), 112ರಿಂದ 114 ಡಿಗ್ರಿ ಲೋಬ್ ಅಂತರ (ಎರಡು ವಾಲ್ವ್‌ಗಳ ಉಬ್ಬುಗಳ ನಡುವಿನ ಕೋನ) ಇರುವುದನ್ನು ಹುಡುಕುತ್ತಿದ್ದೇನೆ. ಟ್ರೇಲರ್ ಎಳೆಯುವ ಗಾಡಿ. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕಳೆದುಕೊಳ್ಳಲು ಖಂಡಿತ ಮನಸ್ಸಿಲ್ಲ.

ಇಂಥದ್ದನ್ನು ಹಾಕಿ ಓಡಿಸಿದವರು ದಯವಿಟ್ಟು ತಿಳಿಸಿ: ಕಂಪ್ಯೂಟರಿನ ಮೂಲ ಚಿಪ್‌ನಲ್ಲೇ ಐಡಲ್ ಸ್ಥಿರವಾಗಿ ನಿಂತಿತೇ, ಇಲ್ಲವೇ ಹೊಸ ಚಿಪ್ ಬರೆಸಬೇಕಾಯಿತೇ? ವಾಲ್ವ್ ಸ್ಪ್ರಿಂಗ್‌ಗಳನ್ನೂ ಬದಲಿಸಿದಿರಾ? ಹೊಸ ಲಿಫ್ಟರ್‌ಗಳನ್ನೂ ಜಿಂಕ್ ಹೆಚ್ಚಿರುವ ಆಯಿಲನ್ನೂ ಆಗಲೇ ತಂದಿಟ್ಟಿದ್ದೇನೆ.